ಚಿನ್ನ ಸಿಗದೇ ಇದ್ದಿದ್ದರೆ: ‘ಡಿಟೆಕ್ಟರಿಸ್ಟ್ಸ್’ ಬಗ್ಗೆ ಒಂದು ತಕರಾರು

ಕಳೆದ ಸಂಚಿಕೆಯ ಕೊನೆಯಲ್ಲಿ ‘ಡಿಟೆಕ್ಟರಿಸ್ಟ್ಸ್’ ಹೆಸರು ಬಂದಾಗ ನಾನು, "ತುಂಬಾ ಇಷ್ಟ, ಆದರೆ ಕೊನೆ ಸರಿಯಿಲ್ಲ" ಅಂತ ಒಂದು ಮಾತು ಹೇಳಿ ಮುಂದಕ್ಕೆ ಹೋಗಿಬಿಟ್ಟೆ. ಕೇಳಿದ ಗೆಳೆಯರೊಬ್ಬರು ಬಿಡಲಿಲ್ಲ. "ಆ ಕೊನೆ ನೋಡಿ ಅಳದೇ ಇರೋರು ಯಾರಿದಾರೆ? ಏನು ಸರಿಯಿಲ್ಲ, ಬಿಡಿಸಿ ಹೇಳಿ" ಅಂದರು. ಅತ್ತವರಲ್ಲಿ ನಾನೂ ಒಬ್ಬ. ಆದರೂ ತಕರಾರು ಇದೆ, ಅದನ್ನು ಇಲ್ಲಿ ನಿಧಾನವಾಗಿ ಬರೆಯುತ್ತೇನೆ. ಕಥೆಯ ಕೊನೆಯನ್ನು ಹೇಳದೇ ಈ ಮಾತು ಆಡೋಕ್ಕಾಗಲ್ಲ. ಇನ್ನೂ ನೋಡಿಲ್ಲದವರು ನೋಡಿಕೊಂಡು ಬಂದು ಓದಿದರೂ ಆಯಿತು, ಅವಸರವಿಲ್ಲ.

ಗೊತ್ತಿಲ್ಲದವರಿಗೆ ಎರಡು ಮಾತು. ಇದು ಬಿಬಿಸಿ ಫೋರ್ ಚಾನೆಲ್ಲಿನಲ್ಲಿ 2014ರಲ್ಲಿ ಶುರುವಾದ ಹಾಸ್ಯ ಸರಣಿ. 2014, 2015 ಮತ್ತು 2017ರಲ್ಲಿ ಮೂರು ಸೀಸನ್ ಬಂದವು, 2022ರ ಡಿಸೆಂಬರಿನಲ್ಲಿ ಒಂದು ದೀರ್ಘ ವಿಶೇಷ ಕಂತು ಬಂತು. ಬರೆದು ನಿರ್ದೇಶಿಸಿದವರು ಮೆಕೆಂಜಿ ಕ್ರೂಕ್, ಆಂಡಿಯ ಪಾತ್ರವೂ ಅವರದೇ. ಅವನ ಗೆಳೆಯ ಲ್ಯಾನ್ಸ್ ಆಗಿ ಟೋಬಿ ಜೋನ್ಸ್. ಉತ್ತರ ಎಸ್ಸೆಕ್ಸ್‌ನ ಡೇನ್‌ಬರಿ ಎಂಬ ಕಾಲ್ಪನಿಕ ಊರಿನಲ್ಲಿ ಈ ಇಬ್ಬರು ಕೈಯಲ್ಲಿ ಮೆಟಲ್ ಡಿಟೆಕ್ಟರ್ ಹಿಡಿದು, ರೈತರ ಹೊಲಗಳಲ್ಲಿ ಸಾಲು ಹಿಡಿದು ನಡೆಯುತ್ತಾರೆ. ಕಥೆ ಅಂದರೆ ಇಷ್ಟೇ. ಚಿತ್ರೀಕರಣ ನಡೆದದ್ದು ಪಕ್ಕದ ಸಫೊಕ್‌ನಲ್ಲಿ. ನಾನಿರುವುದು ಕೇಂಬ್ರಿಡ್ಜ್, ಹಾಗಾಗಿ ಆ ಹೊಲ, ಆ ಬೇಲಿ, ಆ ಬೆಳಕು ನನಗೆ ಈಗ ಪರಿಚಯದ್ದು.

ಸರಣಿಯಲ್ಲಿ ಮತ್ತೆ ಮತ್ತೆ ಬರುವ ಒಂದು ಜೋಕಿದೆ. ಯಾರಾದರೂ ಇವರನ್ನು "ಮೆಟಲ್ ಡಿಟೆಕ್ಟರ್‌ಗಳು" ಅಂದರೆ ಇವರು ತಿದ್ದುತ್ತಾರೆ: ಡಿಟೆಕ್ಟರ್ ಅಂದರೆ ಯಂತ್ರ, ನಾವು ಡಿಟೆಕ್ಟರಿಸ್ಟ್‌ಗಳು. ಮೊದಲ ಸಲ ನಕ್ಕಮೇಲೆ ನನಗೆ ಒಂದು ಯೋಚನೆ ಬಂತು. ಇದನ್ನು ಕನ್ನಡದಲ್ಲಿ ಏನನ್ನುತ್ತೇವೆ? ನಿಧಿಶೋಧಕ ಅನ್ನಬಹುದು. ಆದರೆ ಆ ಮಾತು ಕೇಳಿದ ತಕ್ಷಣ ಅಮಾವಾಸ್ಯೆ ರಾತ್ರಿ, ನಿಂಬೆಹಣ್ಣು, ಅಂಜನ ಹಾಕಿ ನೋಡುವವನು, ನಿಧಿ ಕಾಯುವ ಹಾವು ಎಲ್ಲ ಕಣ್ಮುಂದೆ ಬರುತ್ತವೆ. ಪತ್ರಿಕೆಗಳಲ್ಲಿ ಹೆಚ್ಚಾಗಿ ಕಾಣುವ ಪದ ನಿಧಿಗಳ್ಳರು. 2019ರ ಜುಲೈನಲ್ಲಿ ಆನೆಗೊಂದಿಯ ನವಬೃಂದಾವನದಲ್ಲಿ ವ್ಯಾಸರಾಜರ ಬೃಂದಾವನವನ್ನು ನಿಧಿಯಾಸೆಗೆ ಒಡೆದು ಹಾಕಿದ್ದು ನಿಮಗೆ ನೆನಪಿರಬಹುದು. ಭಾನುವಾರ ಬೆಳಿಗ್ಗೆ ಫ್ಲಾಸ್ಕಿನಲ್ಲಿ ಟೀ ತುಂಬಿಕೊಂಡು, ಹೊಲದ ಯಜಮಾನನ ಅನುಮತಿ ಪಡೆದು, ತೋಡಿದ ಗುಂಡಿ ಮುಚ್ಚಿ ಮನೆಗೆ ಬರುವ ಮನುಷ್ಯನಿಗೆ ನನ್ನ ಕನ್ನಡದಲ್ಲಿ ಹೆಸರಿಲ್ಲ. ಈ ಸರಣಿ ನನ್ನನ್ನು ಹಿಡಿದದ್ದು ಮೊದಲು ಈ ಕಾರಣಕ್ಕೆ.

ಈಗ ಯಂತ್ರದ ವಿಷಯ. ವಿಮರ್ಶೆಗೆ ಇದು ಬೇಕು, ಯಾಕೆಂದರೆ ಸರಣಿಯ ಹಾಸ್ಯ ನಿಂತಿರುವುದೇ ಈ ಯಂತ್ರದ ಮಿತಿಯ ಮೇಲೆ. ಕೋಲಿನ ತುದಿಯ ತಟ್ಟೆಯೊಳಗೆ ತಂತಿಯ ಸುರುಳಿಗಳಿವೆ. ಒಂದರಲ್ಲಿ ಹರಿಯುವ ವಿದ್ಯುತ್ತು ಕ್ಷಣಕ್ಕೆ ಸಾವಿರಾರು ಸಲ ದಿಕ್ಕು ಬದಲಾಯಿಸುತ್ತಾ ಮಣ್ಣೊಳಗೆ ಒಂದು ಕಾಂತಕ್ಷೇತ್ರವನ್ನು ಇಳಿಸುತ್ತದೆ. ಕೆಳಗೆ ಲೋಹವಿದ್ದರೆ ಅದರೊಳಗೂ ಸಣ್ಣ ಸುಳಿ ವಿದ್ಯುತ್ತು ಹುಟ್ಟಿ, ತನ್ನದೇ ಕ್ಷೇತ್ರವನ್ನು ವಾಪಸ್ ಕಳಿಸುತ್ತದೆ. ಇನ್ನೊಂದು ಸುರುಳಿ ಅದನ್ನು ಹಿಡಿಯುತ್ತದೆ. ಹೋದ ಅಲೆಗೂ ಬಂದ ಅಲೆಗೂ ನಡುವಿನ ತಡವನ್ನು ಅಳೆದು ಯಂತ್ರ ಒಂದು ನಂಬರು ತೋರಿಸುತ್ತದೆ: ಇದು ಬಹುಶಃ ಕಬ್ಬಿಣ, ಇದು ಬಹುಶಃ ಬೆಳ್ಳಿ. ಇಲ್ಲಿ ‘ಬಹುಶಃ’ ಅನ್ನುವುದನ್ನು ಗಟ್ಟಿಯಾಗಿ ಓದಿ. ಆ ನಂಬರು ಲೋಹದ ಜಾತಿಯನ್ನು ಮಾತ್ರ ಹೇಳುವುದಿಲ್ಲ, ವಸ್ತುವಿನ ಗಾತ್ರ, ದಪ್ಪ, ಆಕಾರ ಎಲ್ಲವೂ ಅದರಲ್ಲಿ ಕಲಸಿಹೋಗಿರುತ್ತದೆ. ಹಾಗಾಗಿ ಸಣ್ಣ ಚಿನ್ನದ ಉಂಗುರಕ್ಕೂ ಕೋಲಾ ಡಬ್ಬಿಯ ಬಾಯಿ ತೆರೆಯುವ ಅಲ್ಯೂಮಿನಿಯಂ ರಿಂಗ್-ಪುಲ್ಲಿಗೂ ಹತ್ತಿರ ಹತ್ತಿರ ಅದೇ ನಂಬರು ಬರುತ್ತದೆ. ರಿಂಗ್-ಪುಲ್ ಕಾಟ ಬೇಡ ಅಂತ ಆ ನಂಬರನ್ನು ಯಂತ್ರದಲ್ಲಿ ಮುಚ್ಚಿಸಿದರೆ ಚಿನ್ನವೂ ಮುಚ್ಚಿಹೋಗುತ್ತದೆ.

ನಾನು ಹೊಟ್ಟೆಪಾಡಿಗೆ ಮಾಡುವ ಕೆಲಸ ಹೆಚ್ಚುಕಮ್ಮಿ ಇದೇ. ಲಕ್ಷದಲ್ಲಿ ಒಂದು ಸಲ ಆಗುವ ಘಟನೆಯನ್ನು ಹಿಡಿಯುವ ಮಾಡೆಲ್ ಕಟ್ಟಿದರೆ, ಅದು ಕೂಗಿದ ಹೆಚ್ಚಿನ ಸಲ ಸುಳ್ಳೇ ಕೂಗಿರುತ್ತದೆ. ಮಾಡೆಲ್ ಎಷ್ಟೇ ಜಾಣನಾದರೂ ಅಪರೂಪದ್ದು ಅಪರೂಪವೇ. ಆಂಡಿ, ಲ್ಯಾನ್ಸ್ ಇದನ್ನು ಯಾವ ಪಾಠವಿಲ್ಲದೇ ಕಲಿತಿದ್ದಾರೆ. ಬೀಪ್ ಅನ್ನುತ್ತದೆ, ಮಂಡಿಯೂರುತ್ತಾರೆ, ಅಗೆಯುತ್ತಾರೆ. "ಏನು ಸಿಕ್ತು?" "ರಿಂಗ್-ಪುಲ್." ಅಷ್ಟೇ. ಎದ್ದು ಮತ್ತೆ ನಡೆಯುತ್ತಾರೆ. ಮರದ ಕೆಳಗೆ ಕೂತು ನಿನ್ನೆಯ ‘ಯೂನಿವರ್ಸಿಟಿ ಚಾಲೆಂಜ್’ ಬಗ್ಗೆ ಮಾತಾಡುತ್ತಾರೆ. ಸೋಲನ್ನು ಇಷ್ಟು ಸಲೀಸಾಗಿ, ಅಳುಬುರುಕತನವಿಲ್ಲದೇ ತೋರಿಸಿದ ಇನ್ನೊಂದು ಹಾಸ್ಯ ಸರಣಿಯನ್ನು ನಾನು ನೋಡಿಲ್ಲ. 2015ರಲ್ಲಿ ಇದಕ್ಕೆ ಬಾಫ್ಟಾ ಬಂದದ್ದು ನ್ಯಾಯವೇ.

ಸಹೋದ್ಯೋಗಿಯೊಬ್ಬರು ಒಂದು ಶನಿವಾರ ನನ್ನನ್ನೂ ಹೊಲಕ್ಕೆ ಕರೆದುಕೊಂಡು ಹೋಗಿದ್ದರು. ರೈತನ ಅನುಮತಿ ಇತ್ತು. ಅದಿಲ್ಲದೇ ಇಲ್ಲಿ ಯಾರ ಹೊಲಕ್ಕೂ ಕಾಲಿಡುವ ಹಾಗಿಲ್ಲ. ಸಂರಕ್ಷಿತ ಸ್ಮಾರಕಗಳ ಜಾಗದಲ್ಲಂತೂ ಸರ್ಕಾರದ ಪರವಾನಗಿ ಇಲ್ಲದೇ ಡಿಟೆಕ್ಟರ್ ಆಡಿಸುವುದೇ ಅಪರಾಧ, 1979ರ ಕಾಯ್ದೆ ಇದೆ. ನಾಲ್ಕು ಗಂಟೆ ನಡೆದೆ. ಬಂದೂಕಿನ ಕಾರ್ಟ್ರಿಜ್ಜಿನ ಹಿತ್ತಾಳೆ ತಳ, ಟ್ರ್ಯಾಕ್ಟರಿನ ಯಾವುದೋ ಬೋಲ್ಟು, ಮೂರು ರಿಂಗ್-ಪುಲ್ಲು, ಒಂದು ಗೇಣು ಆಳದಲ್ಲಿ ಒಂದು ಕೋಟಿನ ಗುಂಡಿ. ಗುಂಡಿ ಸಿಕ್ಕ ಕೂಡಲೇ ಸಹೋದ್ಯೋಗಿ ಮಾಡಿದ ಮೊದಲ ಕೆಲಸ ಅದನ್ನು ಒರೆಸಿ ನೋಡುವುದಾಗಿರಲಿಲ್ಲ. ಫೋನ್ ತೆಗೆದು ಜಿಪಿಎಸ್ ಗುರುತು ಬರೆದುಕೊಂಡರು. "ಗುಂಡಿಗೂ ಬೇಕಾ?" ಅಂದೆ. "ಅದು ಗುಂಡಿ ಅಂತ ಈಗಿನ್ನೂ ಗೊತ್ತಾಗಿದೆ, ಎಲ್ಲಿತ್ತು ಅನ್ನೋದು ಇನ್ನೊಂದು ನಿಮಿಷಕ್ಕೆ ಮರೆತುಹೋಗುತ್ತೆ" ಅಂದರು.

ನನ್ನ ತಕರಾರು ಹುಟ್ಟಿದ್ದು ಇಲ್ಲಿಂದ. ವಸ್ತು ಕೈಗೆ ಬಂದಮೇಲೂ ಇರುತ್ತದೆ. ಅದು ಮಣ್ಣಿನಲ್ಲಿ ಯಾವುದರ ಪಕ್ಕದಲ್ಲಿ, ಯಾವ ಪದರದಲ್ಲಿ, ಎಷ್ಟು ಆಳದಲ್ಲಿತ್ತು ಅನ್ನುವ ಸಂಗತಿ ಅಗೆದ ಕ್ಷಣಕ್ಕೆ ಅಳಿಸಿಹೋಗುತ್ತದೆ, ಬರೆದುಕೊಳ್ಳದಿದ್ದರೆ ಮತ್ತೆ ಸಿಗುವುದಿಲ್ಲ. ಇಂಗ್ಲೆಂಡಿನಲ್ಲಿ ಈ ಹವ್ಯಾಸಕ್ಕೆ ಮರ್ಯಾದೆ ಬಂದಿರುವುದು ಈ ಬರೆದುಕೊಳ್ಳುವ ಕೆಲಸದಿಂದ. 1996ರ ಟ್ರೆಶರ್ ಆಕ್ಟ್ ಪ್ರಕಾರ 300 ವರ್ಷಕ್ಕಿಂತ ಹಳೆಯ, ಶೇಕಡಾ 10ರಷ್ಟಾದರೂ ಚಿನ್ನ ಅಥವಾ ಬೆಳ್ಳಿ ಇರುವ ವಸ್ತು ಸಿಕ್ಕರೆ 14 ದಿನದೊಳಗೆ ಕೊರೋನರ್‌ಗೆ ತಿಳಿಸಬೇಕು. ಮ್ಯೂಸಿಯಂ ಕೊಂಡರೆ ಬಂದ ಹಣ ಸಾಮಾನ್ಯವಾಗಿ ಹುಡುಕಿದವನಿಗೂ ಹೊಲದವನಿಗೂ ಹಂಚಿಕೆಯಾಗುತ್ತದೆ. ಇದು ಕಡ್ಡಾಯದ ಮಾತಾಯಿತು. ನಿಧಿಯ ವ್ಯಾಖ್ಯೆಗೆ ಬಾರದ ಬಕಲ್ಲು, ಸೀಸದ ಗುಂಡು, ತಾಮ್ರದ ನಾಣ್ಯಗಳನ್ನು ಜನ ತಾವಾಗಿಯೇ ತಂದು ತೋರಿಸಿ ನೋಂದಾಯಿಸಲು ಪೋರ್ಟಬಲ್ ಆಂಟಿಕ್ವಿಟೀಸ್ ಸ್ಕೀಮ್ ಅನ್ನುವ ವ್ಯವಸ್ಥೆ 1997ರಿಂದ ಇದೆ. ಅದರ ದತ್ತಾಂಶದಲ್ಲಿ ಈಗ 15 ಲಕ್ಷಕ್ಕೂ ಹೆಚ್ಚು ವಸ್ತುಗಳಿವೆ, ಬಹುಪಾಲು ಇಂಥ ಹವ್ಯಾಸಿಗಳು ತಂದವು. ಒಂದು ಬಕಲ್ಲಿಗೆ ಬೆಲೆಯಿಲ್ಲ. ನಕ್ಷೆಯ ಮೇಲೆ ಸಾವಿರಾರು ಬಕಲ್ಲು ಇಟ್ಟಾಗ ಯಾವ ಕಾಲದಲ್ಲಿ ಎಲ್ಲಿ ಜನವಸತಿ ಇತ್ತು, ಸಂತೆ ಎಲ್ಲಿ ಸೇರುತ್ತಿತ್ತು ಅನ್ನುವುದು ಕಾಣತೊಡಗುತ್ತದೆ.

ಇದರ ಮಹತ್ವ ತಿಳಿಯಲು 2015ನೇ ಇಸವಿಯೊಂದೇ ಸಾಕು. ಆ ವರ್ಷ ಎರಡು ವೈಕಿಂಗ್ ಕಾಲದ ನಿಧಿಗಳು ಡಿಟೆಕ್ಟರಿಗೆ ಸಿಕ್ಕವು. ಆಕ್ಸ್‌ಫರ್ಡ್‌ಶರ್‌ನ ವಾಟ್ಲಿಂಗ್ಟನ್‌ನಲ್ಲಿ ಸಿಕ್ಕಿದ್ದನ್ನು ಹುಡುಕಿದವರು ವರದಿ ಮಾಡಿದರು. ತಜ್ಞರು ಬಂದು ಮಣ್ಣುಗಡ್ಡೆಯ ಸಮೇತ ಎತ್ತಿಕೊಂಡು ಹೋಗಿ ಪ್ರಯೋಗಾಲಯದಲ್ಲಿ ಬಿಡಿಸಿದರು. 2017ರಲ್ಲಿ ಆ್ಯಶ್‌ಮೋಲಿಯನ್ ಮ್ಯೂಸಿಯಂ ಅದನ್ನು 13.5 ಲಕ್ಷ ಪೌಂಡಿಗೆ ಕೊಂಡಿತು. ಅದರಲ್ಲಿ ಅಪರೂಪದ ಒಂದು ಬಗೆಯ ನಾಣ್ಯಗಳಿದ್ದವು: ಇಬ್ಬರು ಚಕ್ರವರ್ತಿಗಳು ಅಕ್ಕಪಕ್ಕ ಕೂತಿರುವ ಚಿತ್ರ. ಕೆಲವು ವೆಸೆಕ್ಸ್‌ನ ರಾಜ ಆಲ್ಫ್ರೆಡ್ ಹೆಸರಲ್ಲಿ, ಇನ್ನು ಕೆಲವು ಮರ್ಸಿಯಾದ ರಾಜ ಚೆಯೋಲ್‌ವುಲ್ಫ್ ಹೆಸರಲ್ಲಿ ಟಂಕಿಸಿದವು. ಚೆಯೋಲ್‌ವುಲ್ಫ್ ವೈಕಿಂಗರ ಕೈಗೊಂಬೆ ಅಂತ ಆಲ್ಫ್ರೆಡ್‌ನ ಕಡೆಯವರು ಚರಿತ್ರೆ ಬರೆದಿಟ್ಟಿದ್ದರು. ನಾಣ್ಯಗಳು ನೋಡಿದರೆ ಇಬ್ಬರೂ ಸರಿಸಮ ಮಿತ್ರರ ಹಾಗೆ ಕಾಣುತ್ತಾರೆ. ಗೆದ್ದವನು ಬರೆದ ಪುಸ್ತಕವನ್ನು ಒಂದು ಮುಷ್ಟಿ ಬೆಳ್ಳಿ ತಿದ್ದಿತು.

ಅದೇ ವರ್ಷ ಹೆರಿಫೋರ್ಡ್‌ಶರ್‌ನಲ್ಲಿ, ಅದೇ ಕಾಲದ ಇನ್ನೊಂದು ನಿಧಿ ಸಿಕ್ಕ ಇಬ್ಬರು ಯಾರಿಗೂ ಸರಿಯಾಗಿ ತಿಳಿಸದೇ ಮಾರಲು ಹೊರಟರು. 2019ರಲ್ಲಿ ಅವರಿಗೆ ಜೈಲಾಯಿತು. ಅಲ್ಲಿ ಸುಮಾರು 300 ನಾಣ್ಯಗಳಿದ್ದವು ಅಂತ ಅಂದಾಜು, ಆ ಹೊತ್ತಿಗೆ ಪೊಲೀಸರ ಕೈಗೆ ಸಿಕ್ಕಿದ್ದು 31. ಉಳಿದವು ಯಾರ ಯಾರ ಅಲಮಾರಿಗೆ ಸೇರಿದವೋ. ಬೆಲೆಬಾಳುವ ಬೆಳ್ಳಿ ಕಳೆದದ್ದು ಒಂದು ನಷ್ಟ. ಆ ನಾಣ್ಯಗಳು ಒಟ್ಟಿಗೆ ಏನು ಹೇಳುತ್ತಿದ್ದವೋ ಅದು ಹೋದದ್ದು ಇನ್ನೂ ದೊಡ್ಡ ನಷ್ಟ.

ಈಗ ಸರಣಿಗೆ ವಾಪಸ್ ಬರೋಣ. ಮೊದಲ ಸೀಸನ್ನಿನಲ್ಲಿ ಆಂಡಿ, ಲ್ಯಾನ್ಸ್ ಹುಡುಕುತ್ತಿರುವುದು ಸೆಕ್ಸ್ರೆಡ್ ಎಂಬ ಸ್ಯಾಕ್ಸನ್ ರಾಜನ ಹಡಗು-ಸಮಾಧಿಯನ್ನು. ಎರಡನೇ ಸೀಸನ್ನಿನ ಕೊನೆಗೆ ಲ್ಯಾನ್ಸ್‌ಗೆ ಚಿನ್ನ ಸಿಗುತ್ತದೆ. ಓದುವಾಗ ಸಾಲಿನ ಮೇಲೆ ಓಡಿಸುವ ಕಡ್ಡಿಯ ಸ್ಯಾಕ್ಸನ್ ಕಾಲದ ಹಿಡಿ ಅದು. ಅವನು ಕುಣಿಯುತ್ತಾನೆ. ಮೂರನೆಯದರ ಕೊನೆಗೆ ಇಬ್ಬರ ತಲೆಯ ಮೇಲೂ ರೋಮನ್ ಚಿನ್ನದ ನಾಣ್ಯಗಳು ಉದುರುತ್ತವೆ. ಆರು ಕಂತು ರಿಂಗ್-ಪುಲ್ಲಿನ ಸತ್ಯವನ್ನು ಹೇಳಿ, ಕೊನೇ ಐದು ನಿಮಿಷದಲ್ಲಿ ಕ್ರೂಕ್ ಅದನ್ನು ಕೈಬಿಡುತ್ತಾರೆ. ಒಂದು ಸಲವಾದರೆ ಸರಿ, ಎರಡನೇ ಸಲಕ್ಕೆ ನನ್ನೊಳಗಿನ ಲೆಕ್ಕದ ಮೇಷ್ಟ್ರು ಕೆಮ್ಮಿದರು.

ಸಂಭವನೀಯತೆಯ ದೂರು ಸಣ್ಣದು ಬಿಡಿ, ಕಥೆ ಅಂದಮೇಲೆ ಅಷ್ಟು ಅದೃಷ್ಟ ಇರಲಿ. ನನ್ನ ದೊಡ್ಡ ದೂರು ಮೂರನೇ ಸೀಸನ್ನಿನ ನಾಣ್ಯಗಳ ಬಗ್ಗೆ. ಆ ಸೀಸನ್ನಿನ ಮೊದಲ ಕಂತಿನಲ್ಲಿ ಆಂಡಿಗೆ ಮಣ್ಣಿನಲ್ಲಿ ಹಳೇ ಕಾಲದ ಒಂದು ಸೀಟಿ ಸಿಗುತ್ತದೆ. ಬಾಯಿಗಿಟ್ಟು ಊದುತ್ತಾನೆ. ಆಗ ದಿ ಅನ್‌ಥ್ಯಾಂಕ್ಸ್ ತಂಡದ ಹಾಡು ಶುರುವಾಗಿ, ಅದೇ ಹೊಲದಲ್ಲಿ ಹಿಂದೆ ಓಡಾಡಿದವರು ಕಾಲದ ಹಿಂದಕ್ಕೆ ಹಿಂದಕ್ಕೆ ಕಾಣಿಸುತ್ತಾ ಹೋಗುತ್ತಾರೆ, ಕೊನೆಗೆ ಚಿನ್ನ ಹೂತವರ ತನಕ. ಟೀವಿಯಲ್ಲಿ ನಾನು ನೋಡಿದ ಅತ್ಯಂತ ಒಳ್ಳೆಯ ಕೆಲವು ನಿಮಿಷಗಳಲ್ಲಿ ಇದೂ ಒಂದು. ಪುರಾತತ್ವ ಅಂದರೆ ಏನು ಅಂತ ಯಾವ ಉಪನ್ಯಾಸವೂ ಇಷ್ಟು ಚೆನ್ನಾಗಿ ಹೇಳಲಿಕ್ಕಿಲ್ಲ: ಒಂದೇ ಜಾಗ, ಪದರ ಪದರವಾಗಿ ಜನ.

ಆದರೆ ಆ ನಾಣ್ಯಗಳು ಇವರಿಗೆ ಸಿಗುವುದು ಮಣ್ಣಿನಿಂದಲ್ಲ. ಮ್ಯಾಗ್‌ಪೈ ಹಕ್ಕಿಗಳು ಅವನ್ನು ಒಂದೊಂದಾಗಿ ಹೆಕ್ಕಿ ಮರದ ಮೇಲಿನ ಗೂಡಿನಲ್ಲಿ ಕೂಡಿಟ್ಟಿವೆ, ಕೊನೆಗೆ ಗೂಡಿನಿಂದ ಮಳೆಯ ಹಾಗೆ ಸುರಿಯುತ್ತವೆ. ನೋಡಲು ಅದ್ಭುತ. ಆ ಹೊಲಗಳು ಸೌರ ವಿದ್ಯುತ್ ಘಟಕಕ್ಕೆ ಹೋಗಲಿವೆ ಅನ್ನುವ ದುಃಖದ ನಡುವೆ ಬರುವುದರಿಂದ ಗಂಟಲು ಕಟ್ಟುತ್ತದೆ. ಕಣ್ಣೊರೆಸಿಕೊಂಡ ಮೇಲೆ ಒಂದು ಪ್ರಶ್ನೆ ಕೇಳಿ ನೋಡಿ: ಈ ನಾಣ್ಯಗಳು ಎಲ್ಲಿದ್ದವು? ಗೂಡಿನಿಂದ ಉದುರಿದ ನಾಣ್ಯಕ್ಕೆ ಪದರವಿಲ್ಲ, ನೆರೆಹೊರೆಯಿಲ್ಲ. ಸೀಟಿಯ ದೃಶ್ಯದಲ್ಲಿ ಅಷ್ಟು ಪ್ರೀತಿಯಿಂದ ತೋರಿಸಿದ ಜಾಗದ ನೆನಪನ್ನು ಹಕ್ಕಿಗಳು ಆಗಲೇ ಅಳಿಸಿಬಿಟ್ಟಿವೆ. ಪುರಾತತ್ವ ಓದಿದ ಆಂಡಿ ಆ ಕ್ಷಣಕ್ಕೆ ಇದನ್ನು ನೆನೆದು ಒಂದು ಸಲ ಅಯ್ಯೋ ಅನ್ನಬೇಕಿತ್ತು. ಕಥೆ ಅವನಿಗೆ ಆ ಅವಕಾಶ ಕೊಡುವುದಿಲ್ಲ. ಸರಣಿ ಸೀಟಿಯಲ್ಲಿ ಅರ್ಥಮಾಡಿಕೊಂಡದ್ದನ್ನು ಚಿನ್ನ ಸಿಕ್ಕಾಗ ಮರೆಯಿತು.

ನಿಜಜೀವನದಲ್ಲಿ ಇದಕ್ಕಿಂತ ಒಳ್ಳೆಯ ಕಥೆ ಅದೇ ಸಫೊಕ್‌ನಲ್ಲಿ ನಡೆದಿದೆ. 1992ರ ನವೆಂಬರಿನಲ್ಲಿ ಹಾಕ್ಸನ್ ಎಂಬ ಹಳ್ಳಿಯಲ್ಲಿ ರೈತನೊಬ್ಬ ಹೊಲದಲ್ಲಿ ಸುತ್ತಿಗೆ ಕಳೆದುಕೊಂಡ. ಗೆಳೆಯನನ್ನು ಡಿಟೆಕ್ಟರ್ ಸಮೇತ ಕರೆದ. ಸುತ್ತಿಗೆ ಹುಡುಕಲು ಹೋದವನಿಗೆ ಸಿಕ್ಕಿದ್ದು 14,000ಕ್ಕೂ ಮಿಕ್ಕಿದ ರೋಮನ್ ನಾಣ್ಯಗಳ ಭಂಡಾರ. ಅವನು ಒಂದಿಷ್ಟು ತೆಗೆದು, ಅಗೆಯುವುದನ್ನು ಅಲ್ಲಿಗೇ ನಿಲ್ಲಿಸಿ ತಿಳಿಸಿದ. ಹಾಗಾಗಿ ತಜ್ಞರು ಬಂದು ಅಗೆದಾಗ, ಕೊಳೆತುಹೋಗಿದ್ದ ಮರದ ಪೆಟ್ಟಿಗೆಯೊಳಗೆ ಯಾವ ವಸ್ತು ಎಲ್ಲಿ ಜೋಡಿಸಿಟ್ಟಿತ್ತು ಅನ್ನುವುದೂ ತಿಳಿಯಿತು. ಆ ಸುತ್ತಿಗೆಯೂ ಸಿಕ್ಕಿತು. ಅದೂ ಈಗ ಬ್ರಿಟಿಷ್ ಮ್ಯೂಸಿಯಂನಲ್ಲಿದೆ. ಕಬ್ಬಿಣದ ಸುತ್ತಿಗೆಯನ್ನು ಚಿನ್ನದ ಜೊತೆ ಎತ್ತಿಟ್ಟ ಆ ತೀರ್ಮಾನ ನನಗೆ ಬಹಳ ಇಷ್ಟ.

ಇಷ್ಟೆಲ್ಲ ಯಾಕೆ ತಲೆಗೆ ಹಚ್ಚಿಕೊಂಡೆ ಅಂತ ಕೇಳಿದರೆ, ಹೇಳಬೇಕಾದ್ದು ಒಂದಿದೆ. ಹಾಸನ ಜಿಲ್ಲೆಯಲ್ಲಿ ನಮ್ಮ ತಾತನ ಮನೆ ಇತ್ತು. ದೇವರ ಮನೆಯ ಕೆಳಗೆ ಕೊಪ್ಪರಿಗೆ ಇದೆ ಅನ್ನುವುದು ಊರಿಗೆಲ್ಲ ಗೊತ್ತಿದ್ದ ಸುದ್ದಿ. ನಾನಾಗ ಏಳನೇ ಕ್ಲಾಸು. ತಾತ ತೀರಿಕೊಂಡು ಮನೆ ಮಾರುವ ಮಾತು ನಡೆದಾಗ, ಚಿಕ್ಕಪ್ಪ ಯಾರನ್ನೋ ಕರೆಸಿದರು. ಆತ ಒಂದು ಮಷೀನು ತಂದಿದ್ದ. ರಾತ್ರಿ ಹತ್ತರ ಮೇಲೆ ಬಾಗಿಲು ಹಾಕಿ, ನಮ್ಮನ್ನೆಲ್ಲ ನಡುಮನೆಯಲ್ಲಿ ಮಲಗಿಸಿದರು. ಮಲಗಿದವರು ಯಾರು? ಕಿವಿಯೆಲ್ಲ ಆ ಬೀಪಿನ ಕಡೆಗೇ ಇತ್ತು. ಬೆಳಿಗ್ಗೆ ಎದ್ದು ನೋಡಿದರೆ ದೇವರ ಮನೆಯ ಚಪ್ಪಡಿ ಎದ್ದಿತ್ತು, ಪಕ್ಕದಲ್ಲಿ ಮಡಕೆ ಚೂರುಗಳ ಗುಡ್ಡೆ, ಕಬ್ಬಿಣದ ಮೊಳೆ, ಬಾಯಿ ನಜ್ಜುಗುಜ್ಜಾದ ಒಂದು ತಾಮ್ರದ ಬಿಂದಿಗೆ. ಚೂರುಗಳನ್ನು ತಿಪ್ಪೆಗೆ ಹಾಕಿದರು. ಬಿಂದಿಗೆಯನ್ನು ಗುಜರಿಯವನಿಗೆ ಕೊಟ್ಟರು. ಮೂರು ತಿಂಗಳಿಗೆ ಮನೆಯೂ ಹೋಯಿತು.

ಇಲ್ಲಿ ಹುಟ್ಟಿ ಬೆಳೆದ ಮಕ್ಕಳಿಗೆ ಒಂದು ಮಾತು: ನಮ್ಮ ಕಡೆ ಪಾತ್ರೆಯ ಮೇಲೆ ಹೆಸರು ಕೊರೆಸುವ ರೂಢಿ ಇದೆ. ಮದುವೆಗೆ ಉಡುಗೊರೆ ಕೊಟ್ಟರೆ ಕೊಟ್ಟವರ ಹೆಸರು, ಕೆಲವು ಸಲ ಊರು, ತಾರೀಖು. ನಿಮ್ಮ ಅಮ್ಮನ ಅಡುಗೆಮನೆಯಲ್ಲಿ ಹಳೇ ಪಾತ್ರೆ ಇದ್ದರೆ ಅದರ ಕಂಠದ ಮೇಲೆ ಚುಕ್ಕಿ ಚುಕ್ಕಿಯಾಗಿ ಅಕ್ಷರ ಹುಡುಕಿ ನೋಡಿ. ಮ್ಯೂಸಿಯಂನವರು ಕಟ್ಟುವ ಚೀಟಿಯ ಕೆಲಸವನ್ನೇ ಪಾತ್ರೆ ಅಂಗಡಿಯವನು ಮೊಳೆ, ಸುತ್ತಿಗೆ ಹಿಡಿದು ಮಾಡಿಕೊಟ್ಟಿರುತ್ತಾನೆ.

ಈ ಲೇಖನ ಬರೆಯುವ ಮುಂಚೆ ಚಿಕ್ಕಪ್ಪನಿಗೆ ಫೋನ್ ಮಾಡಿದೆ. ಅದೂ ಇದೂ ಮಾತಾಡಿ, ಆ ಬಿಂದಿಗೆ ಮೇಲೆ ಏನಾದರೂ ಬರೆದಿತ್ತಾ ಅಂತ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. "ಏನೋ ಅಕ್ಷರ ಇತ್ತು ಕಣೋ. ಚಿನ್ನ ಅಲ್ಲ ಅಂತ ಗೊತ್ತಾದ ಮೇಲೆ ಯಾರು ಓದ್ತಾರೆ?" ಅಂದರು. ಅವರ ಮೇಲೆ ಸಿಟ್ಟು ಬರಲಿಲ್ಲ. ಆಗ ಮನೆಗೆ ಸಾಲ ಇತ್ತು, ಅದು ನನಗೆ ಈಗ ಗೊತ್ತು. ಭಾರತದಲ್ಲಿ 1878ರಿಂದಲೂ ನಿಧಿಯ ಕಾಯ್ದೆ ಇದೆ, ಹತ್ತು ರೂಪಾಯಿ ಬೆಲೆ ಮೀರಿದ ನಿಧಿ ಸಿಕ್ಕರೆ ಸರ್ಕಾರಕ್ಕೆ ತಿಳಿಸಬೇಕು ಅನ್ನುತ್ತದೆ ಅದು. ಆದರೆ ಬಿಂದಿಗೆ ಎತ್ತಿಕೊಂಡು ಹೋಗಿ, "ಇದನ್ನು ಓದಿ ಕೊಡಿ" ಅಂತ ಯಾರ ಮುಂದಾದರೂ ಇಡಬಹುದು ಅನ್ನುವ ಯೋಚನೆಯೇ ಆ ಮನೆಯಲ್ಲಿ ಯಾರಿಗೂ ಬಂದಿರಲಿಲ್ಲ. ಸಿಕ್ಕರೆ ಮುಚ್ಚಿಡಬೇಕು, ಇಲ್ಲವಾದರೆ ಎಸೆಯಬೇಕು, ಎರಡೇ ದಾರಿ ಗೊತ್ತಿದ್ದದ್ದು.

‘ಡಿಟೆಕ್ಟರಿಸ್ಟ್ಸ್’ ಮೂರನೇ ದಾರಿಯನ್ನು ತೋರಿಸುವ ಸರಣಿ. ಅದಕ್ಕೇ ನನಗೆ ಅದರ ಮೇಲೆ ಇಷ್ಟು ಪ್ರೀತಿ, ಅದಕ್ಕೇ ಇಷ್ಟು ತಕರಾರು. ಚಿನ್ನ ಸಿಕ್ಕ ಮೇಲೆ ಲ್ಯಾನ್ಸ್‌ಗೆ ಅದೃಷ್ಟ ಕೈಕೊಟ್ಟು, ಇದು ಚಿನ್ನದ ಶಾಪ ಅಂತ ನಂಬುವ 2015ರ ಕ್ರಿಸ್ಮಸ್ ಕಂತನ್ನು ನೋಡುವಾಗ, ನಿಧಿ ಬಂದ ಮನೆಗೆ ಕೇಡು ಅನ್ನುತ್ತಿದ್ದ ನಮ್ಮ ಅಜ್ಜಿ ನೆನಪಾದರು. ಆ ಕಂತಿನಲ್ಲಿ ಕ್ರೂಕ್‌ಗೂ ಒಳಗೊಳಗೇ ಗೊತ್ತಿತ್ತು ಅನ್ನಿಸುತ್ತದೆ, ಆ ಚಿನ್ನ ಕೊಡಬಾರದಿತ್ತು ಅಂತ.

ಹೊಸದಾಗಿ ನೋಡುವವರು ಮೊದಲ ಸೀಸನ್ನಿನಿಂದಲೇ ಶುರುಮಾಡಿ, ಸಬ್‌ಟೈಟಲ್ ಹಾಕಿಕೊಳ್ಳಿ. ಪೂರ್ವ ಇಂಗ್ಲೆಂಡಿನ ಗೊಣಗು ಮಾತು ನಮ್ಮ ಕಿವಿಗೆ ಬೇಗ ಹತ್ತುವುದಿಲ್ಲ. ಮೂರನೇ ಸೀಸನ್ನಿನ ಮೊದಲ ಕಂತಿನ ಸೀಟಿಯ ದೃಶ್ಯವನ್ನು ಎರಡು ಸಲ ನೋಡಿ. ಕೊನೆಯ ಕಂತಿಗೆ ಅಳು ಬಂದರೆ ಅತ್ತುಬಿಡಿ, ನಾನೂ ಅತ್ತಿದ್ದೇನೆ. ಆಮೇಲೆ ನಿಮ್ಮ ಅಡುಗೆಮನೆಯ ಹಳೇ ಪಾತ್ರೆಯ ಮೇಲಿನ ಅಕ್ಷರ ಓದಿ, ಅದು ಯಾವ ಊರಿಂದ ಯಾರ ಪೆಟ್ಟಿಗೆಯಲ್ಲಿ ಇಲ್ಲಿಗೆ ಬಂತು ಅಂತ ಮನೆಯಲ್ಲಿ ಕೇಳಿ ಬರೆದಿಡಿ. ನಮ್ಮಮ್ಮ ಕೇಂಬ್ರಿಡ್ಜಿಗೆ ತಂದುಕೊಟ್ಟ ಹಿತ್ತಾಳೆ ಸೇರಿನ ಮೇಲೆ ಹೆಸರಿನ ಮೊದಲ ಎರಡಕ್ಷರ ಮಾತ್ರ ಉಳಿದಿದೆ, ಮಿಕ್ಕದ್ದು ಹುಣಸೆಹಣ್ಣು ಹಾಕಿ ತಿಕ್ಕಿ ತಿಕ್ಕಿ ಸವೆದುಹೋಗಿದೆ. ಈ ಭಾನುವಾರ ಅಮ್ಮನಿಗೆ ಫೋನ್ ಮಾಡಿದಾಗ ಕೇಳಬೇಕು.